ಬೋರಾನ್ ಕೂತ ಜಾಗ

ಅಂಗೈ ಮೇಲಿದ್ದ ಆ ಪುಟ್ಟ ವಸ್ತುವನ್ನು ಇನ್‌ಸ್ಪೆಕ್ಟರ್ ಕಿಟಕಿಯ ಬೆಳಕಿಗೆ ಹಿಡಿದರು. ಮಾತ್ರೆಯ ಆಕಾರ, ಎರಡೂ ತುದಿ ದುಂಡಗೆ. ಒಂದು ಕಾಲಕ್ಕೆ ಬೆಳ್ಳಗಿದ್ದಿರಬೇಕು. ಈಗ ಬೀಡಿ ಸೇದುವವರ ಹಲ್ಲಿನ ಬಣ್ಣಕ್ಕೆ ತಿರುಗಿತ್ತು.

“ಇದೇನಾ?” ಎಂದರು.

“ಇದೇ ಸಾರ್,” ಎಂದ ಸೋಡಾಬುಡ್ಡಿ.

ದಪ್ಪ ಗಾಜಿನ ಕನ್ನಡಕದ ಈ ಸಂಶೋಧಕನಿಗೆ ಆ ಹೆಸರಿಟ್ಟವಳು ಗುಬ್ಬಿ. ಅವಳ ಪಕ್ಕದ ಮೇಜೇ ಅವನದು. ಇದೇ ಲ್ಯಾಬಿನಲ್ಲಿ ಕಳೆದ ತಿಂಗಳು ಬೋರಾನ್ ಸಂಯುಕ್ತದ ಬಾಟಲಿ ಸಿಡಿದು ಗುಬ್ಬಿ ಸತ್ತಿದ್ದಳು. ಪೊಲೀಸರು ‘ಅಜಾಗರೂಕತೆ’ ಎಂದು ಬರೆದು ಕೈ ತೊಳೆದುಕೊಂಡಿದ್ದರು.

ಗುಬ್ಬಿ ಇನ್‌ಸ್ಪೆಕ್ಟರ್‌ಗೆ ತಂಗಿಯ ಮಗಳು. ಅವರು ನಿವೃತ್ತರಾಗಿ ವರ್ಷಗಳಾಗಿದ್ದವು. ಹುದ್ದೆಯ ಹೆಸರು ಮಾತ್ರ ಮೈಗೆ ಅಂಟಿಕೊಂಡು ಉಳಿದಿತ್ತು, ಅಧಿಕಾರ ಕಳಚಿ ಹೋಗಿತ್ತು. ಲ್ಯಾಬಿನೊಳಗೆ ಅವರನ್ನು ಬಿಟ್ಟದ್ದೂ ಸತ್ತವಳ ಸಾಮಾನು ತೆಗೆದುಕೊಂಡು ಹೋಗಲು ಬಂದ ಮಾವ ಎಂದೇ. ನಾಳೆ ಗಾರೆ ಕೆಲಸದವರು ಬಂದು ಸುಟ್ಟ ಗೋಡೆ ಕೆರೆದು ಬಣ್ಣ ಬಳಿಯುವವರಿದ್ದರು. ಆಮೇಲೆ ಇಲ್ಲಿ ನೋಡಲು ಏನೂ ಉಳಿಯುತ್ತಿರಲಿಲ್ಲ.

ಸೋಡಾಬುಡ್ಡಿ ತಗ್ಗಿದ ದನಿಯಲ್ಲಿ ವಿವರಿಸಿದ. ಇದು ಕಲಕುವ ಕಡ್ಡಿ, ಹೊಟ್ಟೆಯಲ್ಲಿ ಅಯಸ್ಕಾಂತವಿದೆ. ಫ್ಲಾಸ್ಕಿನೊಳಗೆ ಹಾಕಿ ಕೆಳಗಿನ ಯಂತ್ರ ಚಾಲೂ ಮಾಡಿದರೆ ಗರಗರ ತಿರುಗಿ ಎಲ್ಲವನ್ನೂ ಕಲಕುತ್ತದೆ. ಕೆಲಸ ಮುಗಿದ ಮೇಲೆ ತೊಳೆದು ಮತ್ತೆ ಬಳಸುತ್ತಾರೆ. ಆದರೆ ಎಷ್ಟು ಉಜ್ಜಿದರೂ ಅದರ ಮೈಯಲ್ಲಿ ಹಳೆಯ ಲೋಹ ಒಂದಿಷ್ಟು ಉಳಿದೇ ಉಳಿಯುತ್ತದೆ. ಕಣ್ಣಿಗೆ ಕಾಣುವಷ್ಟಲ್ಲ. ಆದರೆ ಕೆಲಸ ಮಾಡುವಷ್ಟು.

“ಯಾವ ಲೋಹ?”

“ರೋಡಿಯಂ ಸಾರ್. ತುಂಬ ದುಬಾರಿ. ಮುಂಚೆ ಇಲ್ಲಿ ಎಲ್ಲ ಅದರ ಮೇಲೇ ನಡೀತಿದ್ದದ್ದು. ಆಮೇಲೆ ಪ್ರೊಫೆಸರ್ ಅದನ್ನ ಬಿಟ್ಟು ಕಬ್ಬಿಣ ಹಿಡಿದ್ರು.”

ಕಬ್ಬಿಣ ಹಿಡಿದ ಮೇಲೆ ಪ್ರೊಫೆಸರ್ ಹಿಂತಿರುಗಿ ನೋಡಲಿಲ್ಲವಂತೆ. ರೋಡಿಯಂ ಮಾಡುವ ಕೆಲಸವನ್ನು ಬೀದಿಯಲ್ಲಿ ಬಿದ್ದಿರುವ ಕಬ್ಬಿಣದಿಂದ ಮಾಡಿಸಿದೆ ಎಂದು ಲೇಖನ ಬರೆದರು. ಗುಬ್ಬಿಯ ಹೆಸರನ್ನೂ ಜೊತೆಗೆ ಹಾಕಿದರು. ಸನ್ಮಾನಗಳಾದವು. ಔಷಧ ಕಾರ್ಖಾನೆಯವರು ಹುಡುಕಿಕೊಂಡು ಬಂದರು.

ಕೆಲಸ ಎಂದರೆ ಯಾವ ಕೆಲಸ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಸೋಡಾಬುಡ್ಡಿ ತನ್ನ ಎರಡೂ ಕೈಗಳ ಬೆರಳುಗಳನ್ನು ಒಂದಕ್ಕೊಂದು ಸಿಕ್ಕಿಸಿ ತೋರಿಸಿದ.

“ಅಪರ್ಯಾಪ್ತ ಅಣು ಅಂತೀವಿ ಸಾರ್. ಅದರಲ್ಲಿ ಎರಡು ಇಂಗಾಲ ಎರಡೆರಡು ಕೈ ಹಿಡ್ಕೊಂಡು ನಿಂತಿರ್ತವೆ. ಒಂದು ಕೈ ಬಿಡಿಸಿ ಅಲ್ಲಿ ಬೋರಾನ್ ಕೂರಿಸಬೇಕು. ಅದು ಕೂತ ಜಾಗದಲ್ಲಿ ಆಮೇಲೆ ನಮಗೆ ಬೇಕಾದ್ದು ಕಟ್ಟಬಹುದು. ಅದಕ್ಕೇ ಎಲ್ಲಿ ಕೂರುತ್ತೆ ಅನ್ನೋದೇ ಮುಖ್ಯ. ಅದರ ಪಾಡಿಗೆ ಬಿಟ್ರೆ ತುದೀಲಿ ಕೂರುತ್ತೆ. ರೋಡಿಯಂ ಇದ್ರೆ ಒಳಗಿನ ಇಂಗಾಲದ ಮೇಲೆ.”

“ಬಸ್ಸಲ್ಲಿ ಬಾಗಿಲ ಹತ್ರಾನೇ ಜೋತು ಬೀಳ್ತಾರಲ್ಲ, ಹಾಗೆ.”

“ಹಾಗೇ ಸಾರ್. ಕಂಡಕ್ಟರ್ ಗದರಿದ್ರೆ ಮಾತ್ರ ಒಳಗೆ ಹೋಗ್ತಾರೆ. ಕಬ್ಬಿಣಾನೂ ಅಷ್ಟೇ ಚೆನ್ನಾಗಿ ಗದರುತ್ತೆ ಅಂತ ಪ್ರೊಫೆಸರ್ ಬರೆದದ್ದು.”

“ಗದರುತ್ತಾ?”

ಸೋಡಾಬುಡ್ಡಿ ಬಾಗಿಲ ಕಡೆ ಒಮ್ಮೆ ನೋಡಿದ. ಗುಬ್ಬಿಗೆ ಅನುಮಾನ ಬಂದಿತ್ತು. ಪೊಟ್ಟಣ ಒಡೆಯದ ಹೊಸ ಕಡ್ಡಿಗಳನ್ನು ತಂದು ಅದೇ ಕಬ್ಬಿಣ ಹಾಕಿ ಮಾಡಿ ನೋಡಿದಳು. ಬೋರಾನ್ ತುದಿಯಲ್ಲಿ ಕೂತಿತು. ಕಬ್ಬಿಣ ಹಾಕದೆ, ಬರೀ ಹಳೆಯ ಕಡ್ಡಿ ಹಾಕಿ ಮಾಡಿದಳು. ಒಳಗೆ ಹೋಗಿ ಕೂತಿತು. ಮತ್ತೆ ಮತ್ತೆ ಮಾಡಿದಳು. ಪ್ರತಿಸಲವೂ ಹಾಗೇ.

“ಕಬ್ಬಿಣ ಸುಮ್ಮನೆ ನಿಂತಿತ್ತು ಸಾರ್. ಕೆಲಸ ಮಾಡ್ತಿದ್ದದ್ದು ಕಡ್ಡಿಗೆ ಅಂಟಿದ್ದ ಹಳೇ ರೋಡಿಯಂ.”

ಕಾರ್ಖಾನೆಯವರು ಪ್ರಯೋಗ ನೋಡಲು ಬರುವ ದಿನ ಗುಬ್ಬಿಯೇ ಅವರ ಎದುರು ಅದನ್ನು ಮಾಡಿ ತೋರಿಸಬೇಕಿತ್ತು. ಪ್ರೊಫೆಸರ್ ಮಾತಾಡುವುದು, ಗುಬ್ಬಿ ಕೈ ಆಡಿಸುವುದು. ಅವಳು ಆ ದಿನ ಹೊಸ ಕಡ್ಡಿ ಹಾಕುವುದೆಂದು ತೀರ್ಮಾನಿಸಿದ್ದಳು. ಗುಟ್ಟಾಗಿ ಹೇಳಿದರೆ ಪ್ರೊಫೆಸರ್ ಮುಚ್ಚಿಹಾಕುತ್ತಾರೆ, ನಾಲ್ಕು ಜನರ ಎದುರು ತಪ್ಪು ತಾನಾಗಿ ಬಯಲಾಗಲಿ ಎಂದು. ಕಾರ್ಖಾನೆಯವರು ಬರುವ ಮುಂಚೆಯೇ, ತಯಾರಿ ಮಾಡಿಕೊಳ್ಳುತ್ತಿರುವಾಗಲೇ ಬಾಟಲಿ ಸಿಡಿಯಿತು.

“ಇದನ್ನ ಅವಳು ಪ್ರೊಫೆಸರ್‌ಗೆ ಹೇಳಿದ್ಳಾ?”

“ಗುಬ್ಬಿ ಹೇಳಿರಲಿಲ್ಲ ಸಾರ್.”

ಇನ್‌ಸ್ಪೆಕ್ಟರ್ ತಲೆಯಾಡಿಸಿ ಹುಡ್ ಕಡೆ ನಡೆದರು. ಹೊಗೆ ಎಳೆಯುವ ಗಾಜಿನ ಗೂಡು ಅದು. ಗಾಜು ಹೋಗಿತ್ತು. ಒಳಗಿನ ಗೋಡೆ ಕಪ್ಪಾಗಿತ್ತು, ಕೊಳಾಯಿಯ ಹಿಡಿ ಕರಗಿ ಜೋತುಬಿದ್ದಿತ್ತು. ಅಲ್ಲಿ ನಿಂತರೆ ಅವಳ ಎತ್ತರಕ್ಕೆ ಮುಖ ಎಲ್ಲಿ ಬರುತ್ತಿತ್ತು ಎಂಬ ಲೆಕ್ಕ ಬೇಡವೆಂದರೂ ಮನಸ್ಸಿಗೆ ಬಂತು. ಅವರು ಕಣ್ಣು ಬೇರೆ ಕಡೆ ತಿರುಗಿಸಿದರು.

ಅವರನ್ನು ಕೊರೆಯುತ್ತಿದ್ದದ್ದು ಒಂದೇ ಪ್ರಶ್ನೆ. ಆ ಬೋರಾನ್ ಬಾಟಲಿ ಫ್ರಿಜ್‌ನಲ್ಲಿಯೇ ಇರಬೇಕಾದ್ದು. ಚಳಿಯಲ್ಲಿ ತುಪ್ಪದ ಹಾಗೆ ಗಟ್ಟಿಯಾಗಿ ಬಿದ್ದಿರುತ್ತದೆ, ಯಾರಿಗೂ ತೊಂದರೆ ಕೊಡುವುದಿಲ್ಲ. ಬೆಚ್ಚಗಿನ ಜಾಗದಲ್ಲಿ ದಿನಗಟ್ಟಲೆ ಬಿಟ್ಟರೆ ಮಾತ್ರ ಒಳಗೊಳಗೇ ಒಡೆದು ಅನಿಲ ಕಟ್ಟಿಕೊಳ್ಳುತ್ತದೆ. ಆ ಅನಿಲಕ್ಕೆ ಗಾಳಿ ಸೋಕಿದರೆ ಸಾಕು, ಬೆಂಕಿಕಡ್ಡಿ ಗೀರುವುದೇ ಬೇಡ. ಆದರೆ ಆ ಬೆಳಿಗ್ಗೆ ಗುಬ್ಬಿ ಬಾಟಲಿ ತೆಗೆದದ್ದು ಫ್ರಿಜ್‌ನಿಂದಲೇ. ಸೋಡಾಬುಡ್ಡಿ ಕಣ್ಣಾರೆ ನೋಡಿ ಪೊಲೀಸರಿಗೆ ಹೇಳಿದ್ದ. ಹಾಗಾದರೆ ತಣ್ಣಗಿದ್ದ ಬಾಟಲಿ ಸಿಡಿದದ್ದು ಹೇಗೆ?

ಅವರು ಫ್ರಿಜ್ ತೆರೆದು ಒಳಗಿದ್ದ ಬಾಟಲಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಎಲ್ಲದಕ್ಕೂ ನೀಲಿ ಬಣ್ಣದ ಚೀಟಿ ಅಂಟಿಸಿತ್ತು, ‘ತಂಪಿನಲ್ಲಿಡಿ’ ಎಂದು. ಚೀಟಿ ಇಲ್ಲದ ಬಾಟಲಿ ಒಂದೂ ಇರಲಿಲ್ಲ.

ಮೂಲೆಯಲ್ಲಿ ತೊಳೆದ ಗಾಜು ಒಣಗಿಸುವ ಓವನ್ ಇತ್ತು. ಅದು ಆರುವುದೇ ಇಲ್ಲವಂತೆ, ರಜೆಯಲ್ಲೂ ಕಾಯುತ್ತಲೇ ಇರುತ್ತದೆ. ಅದರ ಮೇಲೊಂದು ತಗಡಿನ ಕಪಾಟು. ಇನ್‌ಸ್ಪೆಕ್ಟರ್ ಕಪಾಟಿನ ಮೇಲೆ ಕೈಯಿಟ್ಟರು. ಬಿಸಿ. ಮಂಡಿಯೂರಿ, ನೋವಿಗೆ ಹಲ್ಲು ಕಚ್ಚಿ, ಓವನ್‌ನ ಹಿಂದೆ ಟಾರ್ಚ್ ಬಿಟ್ಟರು. ಧೂಳು, ಜೇಡರ ಬಲೆ, ಒಡೆದ ಗಾಜಿನ ಚೂರು. ಅದರ ನಡುವೆ ಒಣಗಿ ಸುರುಟಿಕೊಂಡ ಒಂದು ಕಾಗದ. ಮೇಜಿನ ಮೇಲಿದ್ದ ಅಳತೆಪಟ್ಟಿ ತೂರಿಸಿ ಎಳೆದುಕೊಂಡರು.

ನೀಲಿ ಚೀಟಿ. ‘ತಂಪಿನಲ್ಲಿಡಿ’.

ಕಾಯುವ ಓವನ್ನಿನ ಹಿಂದೆ ತಂಪಿನಲ್ಲಿಡಿ. ಅಂಟು ಬಿಸಿಗೆ ಒಣಗಿ, ಪುಡಿಯಾಗಿ ಉದುರುತ್ತಿತ್ತು. ಫ್ರಿಜ್‌ನಲ್ಲಿರುವ ಎಲ್ಲ ಬಾಟಲಿಗಳ ಚೀಟಿ ಜಾಗದಲ್ಲೇ ಇದ್ದವು. ಇದು ಬಿದ್ದದ್ದು ಈಗ ಇಲ್ಲದ ಬಾಟಲಿಯಿಂದ. ಯಾರೋ ಅದನ್ನು ದಿನಗಟ್ಟಲೆ ಇಲ್ಲಿ ಬೇಯಲು ಬಿಟ್ಟು, ಆಮೇಲೆ ಏನೂ ಅರಿಯದವರ ಹಾಗೆ ಫ್ರಿಜ್‌ಗೆ ವಾಪಸ್ ಇಟ್ಟಿದ್ದರು.

“ಅದು ಅಲ್ಲಿಗೆ ಹೇಗೆ ಬಂತೋ ನಂಗೊತ್ತಿಲ್ಲ ಸಾರ್,” ಎಂದ ಸೋಡಾಬುಡ್ಡಿ.

ಅವನನ್ನು ಯಾರೂ ಕೇಳಿರಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಉಜ್ಜುತ್ತಾ ನಿಂತಿದ್ದ. ಕನ್ನಡಕವಿಲ್ಲದ ಅವನ ಕಣ್ಣು ಚಿಕ್ಕದಾಗಿ, ನಿದ್ದೆಗೆಟ್ಟು ಕೆಂಪಾಗಿದ್ದವು. ಆಗಲೇ ಅವನನ್ನು ಕೂರಿಸಿ ಕೇಳಬೇಕಿತ್ತು. ಇನ್‌ಸ್ಪೆಕ್ಟರ್‌ರ ತಲೆ ತುಂಬ ಪ್ರೊಫೆಸರ್ ಇದ್ದರು. ಚೀಟಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಜೇಬಿಗಿಳಿಸಿ ಹೊರಟುಬಿಟ್ಟರು.

ಗೇಟಿನಾಚೆ ಹಳದಿ ವ್ಯಾನಿನಲ್ಲಿ ಗುಬ್ಬಿಯ ಅಕ್ಕ ಕಾಯುತ್ತಿದ್ದಳು. ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ದೊಡ್ಡವಳು ಎಂದೇ. ಶಾಲೆಯ ಮಕ್ಕಳನ್ನು ಕರೆದೊಯ್ದು ಕರೆತರುವುದು ಅವಳ ಕೆಲಸ. ಅಪ್ಪ ಹೋದ ಮೇಲೆ ತಾನು ಓದು ಬಿಟ್ಟು ಸ್ಟಿಯರಿಂಗ್ ಹಿಡಿದು ತಂಗಿಯನ್ನು ಓದಿಸಿದವಳು.

ಮಾವ ಜೇಬಿನಿಂದ ತೆಗೆದ ಚೀಟಿ ನೋಡಿ, ಅವರು ಹೇಳಿದ್ದನ್ನೆಲ್ಲ ಕೇಳಿ, ಅವಳು ಗಾಡಿ ಶುರು ಮಾಡಿದಳು. ಅಳಲಿಲ್ಲ. ಮನೆಯ ಹತ್ತಿರ ಬಂದಾಗ, ಇದನ್ನು ಅಮ್ಮನಿಗೆ ಈಗಲೇ ಹೇಳುವುದು ಬೇಡ ಎಂದಳು.

ಊಟಕ್ಕೆ ಕೂತಾಗ ಇನ್‌ಸ್ಪೆಕ್ಟರ್‌ರ ತಂಗಿ, ಗುಬ್ಬಿಯ ಅಮ್ಮ, ಬಡಿಸಿದಳು. ಮೊದಮೊದಲು ಅಣ್ಣ ಬಂದಾಗಲೆಲ್ಲ ಏನಾದರೂ ಗೊತ್ತಾಯಿತಾ ಎಂದು ಕೇಳುತ್ತಿದ್ದಳು. ಈಗ ಕೇಳುವುದನ್ನೇ ಬಿಟ್ಟಿದ್ದಳು. ಪೊಲೀಸರು ಹೇಳಿದ್ದೇ ಅವಳ ಮನಸ್ಸಿನಲ್ಲಿ ಬೇರು ಬಿಟ್ಟಿತ್ತು. ಗುಬ್ಬಿ ಚಿಕ್ಕಂದಿನಿಂದಲೂ ಹಾಗೇ, ಹಾಲು ಒಲೆ ಮೇಲಿಟ್ಟು ಪುಸ್ತಕ ಹಿಡಿಯುತ್ತಿದ್ದಳು, ಎಷ್ಟು ಬೈದರೂ ಬುದ್ಧಿ ಬರಲಿಲ್ಲ, ತಾನು ಇನ್ನೊಂದೆರಡು ಏಟು ಕೊಟ್ಟು ಕಲಿಸಬೇಕಿತ್ತು ಎಂದು ಪಾತ್ರೆಗಳ ಜೊತೆ ಮಾತಾಡುವವಳ ಹಾಗೆ ಹೇಳಿಕೊಂಡಳು. ಮಗಳ ತಪ್ಪನ್ನು ಹುಡುಕಿ ಹುಡುಕಿ ತನ್ನ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದಳು. ದೊಡ್ಡವಳು ತಟ್ಟೆ ಸರಿಸಿ ಎದ್ದು ಕೈ ತೊಳೆದಳು.

ಅದೇ ಮಧ್ಯಾಹ್ನ ಪ್ರೊಫೆಸರ್‌ರ ಕೋಣೆಗೆ ಇನ್‌ಸ್ಪೆಕ್ಟರ್ ಒಬ್ಬರೇ ಹೋದರು.

ಪ್ರೊಫೆಸರ್ ಎದ್ದು ನಿಂತು ಕುರ್ಚಿ ತೋರಿಸಿದರು. ಗುಬ್ಬಿಯ ತಾಯಿಯ ಆರೋಗ್ಯ ವಿಚಾರಿಸಿದರು. ದನಿಯಲ್ಲಿ ನಟನೆ ಇರಲಿಲ್ಲ. ಅದೇ ಇನ್‌ಸ್ಪೆಕ್ಟರ್‌ಗೆ ಹೆಚ್ಚು ಕಸಿವಿಸಿ ಮಾಡಿತು. ಗೋಡೆಯ ಮೇಲೆ ಸನ್ಮಾನದ ಫೋಟೋ. ಪ್ರೊಫೆಸರ್ ಶಾಲು ಹೊದ್ದು ನಡುವೆ ನಿಂತಿದ್ದಾರೆ, ಗುಬ್ಬಿ ಪಕ್ಕದಲ್ಲಿ ನಗುತ್ತಿದ್ದಾಳೆ.

ಇನ್‌ಸ್ಪೆಕ್ಟರ್ ಕಡ್ಡಿಯ ಮಾತಿನಿಂದಲೇ ಶುರು ಮಾಡಿದರು. ಹೊಸ ಕಡ್ಡಿ ಹಾಕಿದರೆ ಬೋರಾನ್ ತುದಿಯಲ್ಲಿ ಕೂರುತ್ತದಂತೆ, ಹೌದೇ ಎಂದರು.

ಪ್ರೊಫೆಸರ್ ಕುರ್ಚಿಗೆ ಒರಗಿದರು.

“ಇರಬಹುದು. ವಿಜ್ಞಾನದಲ್ಲಿ ತಪ್ಪು ಆಗ್ತಾನೇ ಇರುತ್ತೆ. ತಿದ್ದಿಕೊಳ್ತೀವಿ. ಅದು ಅಪರಾಧ ಅಲ್ಲವಲ್ಲ.”

“ಅವಳು ತಿದ್ದೋಕೆ ಹೊರಟಿದ್ಳು.”

“ಹಾಗಂತ ನನ್ನ ಹತ್ರ ಹೇಳಲಿಲ್ಲ. ಹೇಳಿದ್ರೆ ಕೇಳ್ತಿದ್ದೆ.”

“ಕೇಳಿ ಏನು ಮಾಡ್ತಿದ್ರಿ?”

ಉತ್ತರಕ್ಕೆ ಕಾಯದೆ ಇನ್‌ಸ್ಪೆಕ್ಟರ್ ಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದು ಮೇಜಿನ ಮೇಲಿಟ್ಟರು. ಎಲ್ಲಿ ಸಿಕ್ಕಿತು ಎಂದು ಹೇಳಲಿಲ್ಲ. ಫ್ರಿಜ್‌ನ ಹೊರಗೆ ಸಿಕ್ಕಿತು, ಸಿಡಿದ ಬಾಟಲಿಯದ್ದು ಎಂದಷ್ಟೇ ಅಂದರು.

ಪ್ರೊಫೆಸರ್ ಚೀಲವನ್ನು ಮುಟ್ಟಲಿಲ್ಲ.

“ಕರಗೋಕೆ ಇಟ್ಟಿರ್ತಾರೆ. ಫ್ರಿಜ್‌ನಲ್ಲಿ ಗಟ್ಟಿಯಾಗಿರುತ್ತಲ್ಲ. ಓವನ್ ಮೇಲಿನ ಕಪಾಟಿನಲ್ಲಿ ಇಟ್ರೆ ಬೇಗ ಕರಗುತ್ತೆ.”

“ಓವನ್ ಅಂತ ನಾನು ಹೇಳಲಿಲ್ಲ.”

ಪೊಲೀಸ್ ಕೆಲಸದಲ್ಲಿದ್ದಾಗ ಇಂಥ ಗಳಿಗೆ ಬಂದರೆ ಇನ್‌ಸ್ಪೆಕ್ಟರ್ ಎದುರಿನವರ ಕೈ ನೋಡುತ್ತಿದ್ದರು. ಈಗಲೂ ನೋಡಿದರು. ಪ್ರೊಫೆಸರ್‌ರ ಬೆರಳು ಮೇಜಿನ ಅಂಚನ್ನು ಹಿಡಿದಿದ್ದವು. ನಿಧಾನವಾಗಿ ಸಡಿಲವಾದವು.

“ಎಲ್ಲರೂ ಅಲ್ಲೇ ಕರಗಿಸೋದು,” ಎಂದರು ಪ್ರೊಫೆಸರ್. “ಯಾವ ಲ್ಯಾಬಿಗೆ ಹೋಗಿ ಕೇಳಿದ್ರೂ ಇದನ್ನೇ ಹೇಳ್ತಾರೆ. ಕೋರ್ಟಿನಲ್ಲಿ ಇದರಿಂದ ಏನು ಸಿಗುತ್ತೆ ಅಂತ ನಿಮಗೆ ನಾನು ಹೇಳಿಕೊಡಬೇಕಾ?”

ಬೇಕಿರಲಿಲ್ಲ. ಬಾಯಿ ತಪ್ಪಿ ಬಂದ ಒಂದು ಮಾತು, ಓವನ್ ಹಿಂದಿನ ಒಂದು ತುಂಡು ಕಾಗದ. ಕೇಳಿದವರು ಒಬ್ಬರೇ, ಅವರೂ ಸತ್ತವಳ ಮಾವ. ಇಂಥ ಕೇಸನ್ನು ತಮ್ಮ ಕೈಕೆಳಗಿನವರು ತಂದಿದ್ದರೆ ಇನ್‌ಸ್ಪೆಕ್ಟರ್ ಅವರನ್ನು ಬಾಗಿಲಿಂದಾಚೆಗೆ ಅಟ್ಟುತ್ತಿದ್ದರು.

ಪ್ರೊಫೆಸರ್ ಎದ್ದು ಕಿಟಕಿಯ ಹತ್ತಿರ ನಿಂತರು. ಬಾಟಲಿ ಸಿಡಿದ ವಾರವೆಲ್ಲ ತಾನು ಊರಲ್ಲೇ ಇರಲಿಲ್ಲ, ವಿಚಾರ ಸಂಕಿರಣಕ್ಕೆ ಹೋಗಿದ್ದೆ, ನೂರಾರು ಜನ ನೋಡಿದ್ದಾರೆ ಎಂದರು. ಮರಳಿದ್ದು ಅವತ್ತು ಬೆಳಿಗ್ಗೆ, ವಿಮಾನ ನಿಲ್ದಾಣದಲ್ಲಿದ್ದಾಗಲೇ ಸುದ್ದಿ ಬಂತು ಎಂದರು. ಇದೆಲ್ಲ ನಿಜವೆಂದು ಇನ್‌ಸ್ಪೆಕ್ಟರ್ ಮೊದಲೇ ವಿಚಾರಿಸಿ ತಿಳಿದುಕೊಂಡಿದ್ದರು.

“ಆ ವಾರ ಲ್ಯಾಬಿನಲ್ಲಿದ್ದವರು ಇಬ್ಬರೇ. ಒಬ್ಬಳು ಈಗಿಲ್ಲ. ನಿಮ್ಮ ಈ ಚೀಟಿ ಯಾರ ಕೊರಳಿಗೆ ಬೀಳುತ್ತೆ ಅಂತ ಒಂದ್ಸಲ ಯೋಚನೆ ಮಾಡಿ.” ತಿರುಗಿ ನೋಡದೆ ಇನ್ನೂ ಒಂದು ಮಾತು ಸೇರಿಸಿದರು. “ಒಳ್ಳೆ ಹುಡುಗಿ. ನನ್ನ ಮಗಳ ಹಾಗಿದ್ದಳು.”

ಇನ್‌ಸ್ಪೆಕ್ಟರ್ ಚೀಲವನ್ನು ಜೇಬಿಗೆ ಹಾಕಿಕೊಂಡು ಹೊರಬಂದರು. ಮೆಟ್ಟಿಲಿಳಿಯುವಾಗ, ಕೈಯಲ್ಲಿದ್ದ ಒಂದೇ ಒಂದು ಇಸ್ಪೀಟಿನ ಎಲೆಯನ್ನು ಎದುರಾಳಿಗೆ ತೋರಿಸಿ ಎದ್ದು ಬಂದಿದ್ದೇನೆ ಎಂಬುದು ಅವರಿಗೆ ಹೊಳೆಯಿತು. ಇನ್ನು ಆಟ ಆಡುವವರು ಪ್ರೊಫೆಸರ್.

ಅಂದು ಸಂಜೆಯಿಂದ ಸೋಡಾಬುಡ್ಡಿಯ ಫೋನು ಸ್ವಿಚ್ ಆಫ್. ಮರುದಿನ ಲ್ಯಾಬಿಗೆ ಹೋದರೆ ಬಾಗಿಲಲ್ಲೇ ಗಾರೆಯವರು ತಡೆದರು. ಒಳಗಿನಿಂದ ಗೋಡೆ ಕೆರೆಯುವ ಸದ್ದು ಬರುತ್ತಿತ್ತು. ಓವನ್, ಕಪಾಟು, ಕಡ್ಡಿಗಳ ಡಬ್ಬಿ ಎಲ್ಲ ಗುಜರಿಯ ಲಾರಿ ಹತ್ತಿ ಆಗಲೇ ಹೊರಟುಹೋಗಿದ್ದವು. ಸೋಡಾಬುಡ್ಡಿ ಬಾಡಿಗೆಗಿದ್ದ ಕೋಣೆಗೆ ಬೀಗ. ಪೊಲೀಸ್ ಠಾಣೆಗೆ ಹೋದರೆ, ಇನ್‌ಸ್ಪೆಕ್ಟರ್‌ರ ಕೈಕೆಳಗೆ ಪಳಗಿದ ಅಧಿಕಾರಿಯೇ ಎದ್ದು ನಿಂತು ಕಾಫಿ ತರಿಸಿ, ಮೇಲಿನಿಂದ ಮಾತು ಬಂದಿದೆ, ಈ ವಿಷಯ ಬಿಟ್ಟುಬಿಡಿ ಎಂದು ಗೌರವದಿಂದಲೇ ಕಳಿಸಿಕೊಟ್ಟ.

ಸಂಜೆ ದೊಡ್ಡವಳು ಕೊನೆಯ ಮಗುವನ್ನು ಮನೆಗೆ ಮುಟ್ಟಿಸಿ ಮಾವನನ್ನು ಹತ್ತಿಸಿಕೊಂಡು ತಮ್ಮ ಮನೆಯ ಬೀದಿಯ ತಿರುವಿನಲ್ಲಿ ನಿಂತಿದ್ದಳು. ಇಬ್ಬರಿಗೂ ಎಲ್ಲಿಗೆ ಹೋಗಬೇಕೆಂದು ಗೊತ್ತಿರಲಿಲ್ಲ. ಸೀಟಿನ ಕೆಳಗೆ ಯಾರೋ ಮರೆತುಹೋದ ಪುಟ್ಟ ಬೂಟು ಬಿದ್ದಿತ್ತು. ಅದನ್ನು ಎತ್ತಿ ಧೂಳು ಕೊಡವಿ ಎದುರಿಗಿಟ್ಟುಕೊಂಡಳು.

ಆಗ ಗಾಜಿನ ಮೇಲೆ ಯಾರೋ ಬೆರಳಿನಿಂದ ತಟ್ಟಿದರು. ಸೋಡಾಬುಡ್ಡಿ. ಬೆನ್ನಿಗೊಂದು ಚೀಲ, ಕೈಯಲ್ಲೊಂದು ಪೆಟ್ಟಿಗೆ.

“ಬಸ್ ಸ್ಟ್ಯಾಂಡ್‌ವರೆಗೂ ಬಿಡ್ತೀರಾ ಅಕ್ಕಾ?”

ದೊಡ್ಡವಳು ಇಳಿದು ಹಿಂದಿನ ಬಾಗಿಲು ಸರಿಸಿದಳು. ಅವನು ಹತ್ತಿ ಮಕ್ಕಳ ಸೀಟಿನಲ್ಲಿ ಮಂಡಿ ಎದೆಗೆ ತಾಕುವಂತೆ ಕೂತ. ಅವಳು ಬಾಗಿಲು ಹಾಕಿ ಬಂದು ಗಾಡಿ ಓಡಿಸಿದಳು. ಎರಡು ಬೀದಿ ದಾಟಿದ ಮೇಲೆ ಸೋಡಾಬುಡ್ಡಿ ಬಾಯಿಬಿಟ್ಟ.

ಪ್ರೊಫೆಸರ್ ತನಗೆ ದೂರದ ಊರೊಂದರಲ್ಲಿ ಕೆಲಸ ಕೊಡಿಸಿದ್ದಾರೆ, ಇವತ್ತೇ ಹೊರಡಬೇಕು ಎಂದ. ಹೋಗುವ ಮುಂಚೆ ಅಕ್ಕನಿಗೆ ಹೇಳದೇ ಹೋದರೆ ಆ ಊರಲ್ಲೂ ನಿದ್ದೆ ಬರುವುದಿಲ್ಲ ಎಂದ.

“ಹೊಸ ಕಡ್ಡಿಯ ವಿಷಯ ಗುಬ್ಬಿ ಪ್ರೊಫೆಸರ್‌ಗೆ ಹೇಳಿರಲಿಲ್ಲ. ನಾನು ಹೇಳಿದೆ.”

ಇನ್‌ಸ್ಪೆಕ್ಟರ್ ಹಿಂದಕ್ಕೆ ತಿರುಗಿದರು.

ಹೆದರಿಕೆಯಾಯಿತು ಎಂದ. ಕಾರ್ಖಾನೆಯವರ ಎದುರು ಪ್ರೊಫೆಸರ್‌ಗೆ ಮುಖಭಂಗವಾದರೆ ತನ್ನ ಡಾಕ್ಟರೇಟ್ ಕೂಡ ಅದರ ಜೊತೆ ಮುಳುಗುತ್ತದೆ, ಮೊದಲೇ ಹೇಳಿದರೆ ಕರೆದು ಮಾತಾಡಿ ಸರಿ ಮಾಡುತ್ತಾರೆ ಎಂದುಕೊಂಡೆ ಎಂದ. ಪ್ರೊಫೆಸರ್ ಎಲ್ಲ ಕೇಳಿ ಬೆನ್ನು ತಟ್ಟಿದರಂತೆ. ಗುಬ್ಬಿಗೆ ಏನೂ ಹೇಳಬೇಡ, ನಾನು ಬಂದ ಮೇಲೆ ಮಾತಾಡುತ್ತೇನೆ ಎಂದರಂತೆ. ವಿಚಾರ ಸಂಕಿರಣಕ್ಕೆ ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದರಂತೆ.

“ಆ ಬೋರಾನ್ ಬಾಟಲಿ ಗಟ್ಟಿಯಾಗಿದೆ, ಓವನ್ ಮೇಲೆ ಇಡು, ನಾನು ಬರೋ ಹಿಂದಿನ ದಿನ ಫ್ರಿಜ್‌ಗೆ ಹಾಕು ಅಂದ್ರು. ಕರಗಿಸೋಕೆ ಒಂದು ಗಂಟೆ ಸಾಕು ಅಂತ ನಂಗೊತ್ತಿತ್ತು. ಯಾಕೆ ಅಷ್ಟು ದಿನ ಅಂತ ಕೇಳಲಿಲ್ಲ. ಅವರು ಹೇಳಿದ್ದನ್ನ ಯಾವತ್ತೂ ಕೇಳಿದವನಲ್ಲ ನಾನು.”

“ಗುಬ್ಬಿ ನೋಡಲಿಲ್ವಾ?” ಇನ್‌ಸ್ಪೆಕ್ಟರ್ ಕೇಳಿದರು.

“ಮುಂದೆ ಬೀಕರ್ ಜೋಡಿಸಿಟ್ಟಿದ್ದೆ ಸಾರ್.”

ದೊಡ್ಡವಳು ಕನ್ನಡಿಯಲ್ಲಿ ಅವನನ್ನು ನೋಡಿದಳು. ಬೀಕರ್ ಜೋಡಿಸಿದ್ದು ಯಾಕೆ ಎಂದು ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಇನ್‌ಸ್ಪೆಕ್ಟರ್ ಅವನ ಕಡೆಗೆ ಬಾಗಿ, ಇದನ್ನೇ ಮ್ಯಾಜಿಸ್ಟ್ರೇಟ್ ಮುಂದೆ ಹೇಳಬೇಕು, ಈಗಲೇ ನಡಿ, ನಾನು ಜೊತೆಗೆ ನಿಲ್ಲುತ್ತೇನೆ, ಹೇಳಿದ್ದನ್ನು ಮಾಡಿದವನಿಗಿಂತ ಮಾಡಿಸಿದವನ ತಪ್ಪು ದೊಡ್ಡದು ಎಂದರು. ಬಹಳ ದಿನಗಳ ಮೇಲೆ ಅವರ ದನಿಯಲ್ಲಿ ಹಳೆಯ ಗತ್ತು ಬಂದಿತ್ತು. ಸೋಡಾಬುಡ್ಡಿ ತಲೆ ಅಲ್ಲಾಡಿಸಿದ.

“ನಿನ್ನೆ ಸಂಜೆ ನೀವು ಹೋದ ಮೇಲೆ ಪ್ರೊಫೆಸರ್ ನನ್ನನ್ನ ಠಾಣೆಗೆ ಕರ್ಕೊಂಡು ಹೋದ್ರು ಸಾರ್. ಬಾಟಲಿ ಓವನ್ ಮೇಲೆ ಇಟ್ಟು ಮರೆತು, ಆಮೇಲೆ ಫ್ರಿಜ್‌ಗೆ ಹಾಕಿದ್ದು ಗುಬ್ಬಿ, ನಾನೇ ನೋಡ್ದೆ ಅಂತ ಹೇಳಿಕೆ ಕೊಟ್ಟು ಸಹಿ ಹಾಕಿದೀನಿ.”

ಇನ್‌ಸ್ಪೆಕ್ಟರ್ ಸೀಟಿಗೆ ಒರಗಿದರು. ಜೇಬಿನಲ್ಲಿದ್ದ ಚೀಟಿ ಈಗ ಗುಬ್ಬಿಯದೇ ಅಜಾಗರೂಕತೆಗೆ ಸಾಕ್ಷಿಯಾಗಿತ್ತು. ಅದನ್ನು ಹುಡುಕಿ ತೆಗೆದುಕೊಟ್ಟವರು ತಾವೇ. ಈ ಹುಡುಗ ಮಾತು ಬದಲಿಸಿದರೆ ಸುಳ್ಳು ಹೇಳಿದವನು, ಬಾಟಲಿ ಇಟ್ಟವನು, ವಾಪಸ್ ಹಾಕಿದವನು ಎಲ್ಲವೂ ಇವನೇ. ಪ್ರೊಫೆಸರ್ ಬಾಗಿಲಲ್ಲಿ ನಿಂತು ಆಡಿದ ಮಾತನ್ನು ಕೇಳಿದ ಮೂರನೆಯ ಕಿವಿ ಇರಲಿಲ್ಲ.

“ನಾನೀಗ ಬಾಯಿಬಿಟ್ರೆ ಯಾರನ್ನ ಹಿಡೀತಾರೆ ಸಾರ್? ನೀವೇ ಹೇಳಿ,” ಎಂದ ಸೋಡಾಬುಡ್ಡಿ.

ಇನ್‌ಸ್ಪೆಕ್ಟರ್‌ಗೆ ಉತ್ತರ ಗೊತ್ತಿತ್ತು.

ದೀಪ ಹತ್ತುವ ಹೊತ್ತು. ಮುಂದಿನ ವೃತ್ತದಲ್ಲಿ ಎಡಕ್ಕೆ ತಿರುಗಿದರೆ ಬಸ್ ನಿಲ್ದಾಣ. ದೊಡ್ಡವಳು ವೃತ್ತಕ್ಕಿಂತ ಸ್ವಲ್ಪ ಮುಂಚೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದಳು. ಮುಖದಲ್ಲಿ ಏನೂ ಇರಲಿಲ್ಲ. ಮಕ್ಕಳನ್ನು ಹತ್ತಿಸಿಕೊಳ್ಳುವಾಗ ಇರುವಂಥದ್ದೇ ಮುಖ.

“ಮಾವ, ಹಿಂದಿನ ಟೈರಿನ ಗಾಳಿ ಇಳಿದ ಹಾಗಿದೆ. ಒಂಚೂರು ಇಳಿದು ನೋಡ್ತೀರಾ?”

ಇನ್‌ಸ್ಪೆಕ್ಟರ್ ಇಳಿದರು. ಮಂಡಿಯ ನೋವಿಗೆ ಒಂದು ಕೈ ಗಾಡಿಯ ಮೇಲೂರಿ ಬಗ್ಗಿ ಟೈರನ್ನು ಒತ್ತಿದರು. ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಆ ಕಡೆಯದೇನೋ ಎಂದು ಅವರು ನೆಟ್ಟಗಾಗುವಷ್ಟರಲ್ಲಿ ಕೈಯ ಕೆಳಗಿನ ತಗಡು ಜಾರಿತು. ವ್ಯಾನು ಹೊರಟಿತ್ತು.

ಹೆಸರು ಹಿಡಿದು ಕೂಗಿದರು. ನಿಲ್ಲಲಿಲ್ಲ.

ಹಿಂದಿನ ಗಾಜಿನಲ್ಲಿ ಸೋಡಾಬುಡ್ಡಿಯ ಮುಖ ಕಾಣಿಸಿತು. ಎರಡೂ ಅಂಗೈ ಗಾಜಿಗೆ ಒತ್ತಿದ್ದ. ಮಕ್ಕಳ ವ್ಯಾನು ಅದು. ಬಾಗಿಲು ಹೊರಗಿನಿಂದ ತೆಗೆದರೆ ಮಾತ್ರ ತೆರೆಯುತ್ತದೆ.

ವೃತ್ತದಲ್ಲಿ ವ್ಯಾನು ಎಡಕ್ಕೆ ತಿರುಗಲಿಲ್ಲ. ಬಲಕ್ಕೆ, ಪ್ರೊಫೆಸರ್‌ರ ಮನೆಯ ರಸ್ತೆಗೆ ತಿರುಗಿತು.